ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ಧರ್ಮಶಿಕ್ಷಣ: ಹೊಸ ಶಿಕ್ಷಕರಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ಮೊದಲ ವಾರದಲ್ಲಿ ಮುಖ್ಯೋಪಾಧ್ಯಾಯಿನಿಯವರು ಕೈಗೆ ಕೊಡುವ ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಕಡೆ ‘ಧ.ಶಿ./ಮೌ.ಶಿ.’ ಎಂದು ಬರೆದಿರುತ್ತದೆ. ಧರ್ಮಶಿಕ್ಷಣ, ಮೌಲ್ಯಶಿಕ್ಷಣ ಎಂದು ಅದರ ಅರ್ಥ. ಗಣಿತಕ್ಕೆ, ಕನ್ನಡಕ್ಕೆ, ಪರಿಸರ ಅಧ್ಯಯನಕ್ಕೆ ಪಠ್ಯಪುಸ್ತಕವೂ ತರಬೇತಿಯೂ ಇವೆ. ಈ ಓರೆಗೆರೆಯ ಆಚೀಚೆ ಏನು ಮಾಡಬೇಕೆಂಬುದನ್ನು ಮಾತ್ರ ಡಿ.ಇಡಿ. ಓದುವಾಗ ಯಾರೂ ಹೇಳಿಕೊಟ್ಟಿರುವುದಿಲ್ಲ. ಕಥೋಲಿಕರೆಂಬ ಒಂದೇ ಕಾರಣಕ್ಕೆ ಆ ಪೀರಿಯಡ್ ನಮ್ಮ ಪಾಲಿಗೆ ಬಂದಿರುತ್ತದೆ. ಕರ್ನಾಟಕದ ಕನ್ನಡ ಮಾಧ್ಯಮದ ಕಥೋಲಿಕ ಪ್ರಾಥಮಿಕ ಶಾಲೆಗಳಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ಕಲಿಸುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಮಾರ್ಗದರ್ಶಿಯನ್ನು ಬರೆದಿದ್ದೇನೆ. ಇಲ್ಲಿ ಹೇಳಿರುವುದರಲ್ಲಿ ಹೆಚ್ಚಿನದು ನಾನು ತಪ್ಪು ಮಾಡಿ ಕಲಿತದ್ದು.

ಮೊದಲು ಓರೆಗೆರೆಯನ್ನು ಗಟ್ಟಿ ಮಾಡಿಕೊಳ್ಳಿ

ಆ ಓರೆಗೆರೆಯ ಎರಡು ಬದಿಗಿರುವುದು ಎರಡು ಬೇರೆ ವಿಷಯಗಳು. ಧರ್ಮಶಿಕ್ಷಣವೆಂದರೆ ಕ್ರೈಸ್ತ ದೀಕ್ಷೆಯಾದ ಜ್ಞಾನಸ್ನಾನ ಪಡೆದ ಮಕ್ಕಳನ್ನು ಅವರ ವಿಶ್ವಾಸದಲ್ಲಿ ಬೆಳೆಸುವ ಕೆಲಸ. ಅದರಲ್ಲಿ ಪ್ರಾರ್ಥನೆ, ಸಂಸ್ಕಾರಗಳ ಸಿದ್ಧತೆ, ಬಲಿಪೂಜೆಯ (ಚರ್ಚಿನ ಮಾಸ್) ಪರಿಚಯ ಸೇರುತ್ತವೆ. ಮೌಲ್ಯಶಿಕ್ಷಣವು ತರಗತಿಯ ಎಲ್ಲ ಮಕ್ಕಳಿಗೂ ಸೇರಿದ್ದು. ಅದರಲ್ಲಿ ಯಾವ ಮಗುವಿನಿಂದಲೂ ವಿಶ್ವಾಸದ ನುಡಿಯನ್ನು ಹೇಳಿಸುವಂತಿಲ್ಲ. ಕೊಠಡಿಯ ಕೊರತೆಯಿಂದಲೋ ಶಿಕ್ಷಕರ ಕೊರತೆಯಿಂದಲೋ ಇವೆರಡನ್ನೂ ಒಂದೇ ಕೊಠಡಿಯಲ್ಲಿ ಒಟ್ಟಿಗೆ ನಡೆಸಿದಾಗ ಕಥೋಲಿಕ ಮಕ್ಕಳಿಗೆ ತೆಳುವಾದ ಧರ್ಮೋಪದೇಶ ಸಿಗುತ್ತದೆ, ಉಳಿದವರಿಗೆ ಬೇಡವಾದ ಧರ್ಮೋಪದೇಶ ಸಿಗುತ್ತದೆ. ಯಾರಿಗೂ ನ್ಯಾಯವಾಗುವುದಿಲ್ಲ.

ಕಾನೂನಿನ ಮಾತು ಸ್ಪಷ್ಟವಾಗಿದೆ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು ಕೊಟ್ಟಿದೆ. ಆದರೆ 28ನೇ ವಿಧಿಯ ಮೂರನೆಯ ಖಂಡದ ಪ್ರಕಾರ ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಓದುವ ಯಾರನ್ನೂ ಅವರ ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗಾಗಲಿ ಆರಾಧನೆಗಾಗಲಿ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ ಬೇಕು. ಧರ್ಮಸಭೆಯೂ ಇದಕ್ಕೆ ಹೊಂದುವ ಮಾತನ್ನೇ ಹೇಳುತ್ತ ಬಂದಿದೆ. ಕಥೋಲಿಕ ಶಾಲೆಯ ಶಿಕ್ಷಣದ ಧಾರ್ಮಿಕ ಆಯಾಮವನ್ನು ಕುರಿತು ವ್ಯಾಟಿಕನ್ 1988ರಲ್ಲಿ ಹೊರಡಿಸಿದ ದಾಖಲೆಯು ತರಗತಿಯಲ್ಲಿ ಧರ್ಮದ ತಿಳಿವಳಿಕೆ ಕೊಡುವ ಬೋಧನೆಯನ್ನೂ ವಿಶ್ವಾಸವನ್ನು ಪೋಷಿಸುವ ಧರ್ಮೋಪದೇಶವನ್ನೂ ಬೇರೆ ಬೇರೆಯಾಗಿ ಗುರುತಿಸಿ, ಒಂದಕ್ಕೊಂದು ಪೂರಕವೆಂದು ವಿವರಿಸುತ್ತದೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯು 2024ರಲ್ಲಿ ತನ್ನ ಶಾಲೆಗಳಿಗೆ ಕೊಟ್ಟ ಮಾರ್ಗಸೂಚಿಯಲ್ಲಿ ಇತರ ಧರ್ಮಗಳ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದೆಂದೂ ಬೆಳಗಿನ ಸಭೆಯಲ್ಲಿ ಸಂವಿಧಾನದ ಪ್ರಸ್ತಾವನೆಯನ್ನು ಓದಿಸಬೇಕೆಂದೂ ಹೇಳಿದೆ.

ಆದುದರಿಂದ ಮೊದಲ ಕೆಲಸ ಒಪ್ಪಿಗೆ ಪತ್ರ. ‘ನಿಮ್ಮ ಮಗುವನ್ನು ಕಥೋಲಿಕ ಧರ್ಮೋಪದೇಶದ ತರಗತಿಗೆ ಸೇರಿಸಲು ಒಪ್ಪಿಗೆ ಇದೆಯೇ?’ ಎಂಬ ಒಂದೇ ಪ್ರಶ್ನೆಯನ್ನು ಸರಳ ಕನ್ನಡದಲ್ಲಿ ಬರೆದು, ಪೋಷಕರ ಸಹಿ ಪಡೆದು, ಕಡತದಲ್ಲಿಡಿ. ಕಥೋಲಿಕ ಪೋಷಕರಿಂದಲೂ ಪಡೆಯಿರಿ. ‘ನಮ್ಮವರೇ ತಾನೆ’ ಎಂದು ಬಿಡಬೇಡಿ. ಎರಡನೆಯ ಕೆಲಸ, ಅದೇ ಪೀರಿಯಡ್‌ನಲ್ಲಿ ಮೌಲ್ಯಶಿಕ್ಷಣ ತೆಗೆದುಕೊಳ್ಳಲು ಇನ್ನೊಬ್ಬ ಶಿಕ್ಷಕರನ್ನು ಕೇಳಿ ಪಡೆಯುವುದು. ಕೊಠಡಿ ಇಲ್ಲವೆಂದರೆ ಗ್ರಂಥಾಲಯ ಸಾಕು, ಜಗಲಿ ಸಾಕು, ಮಳೆ ಇಲ್ಲದಿದ್ದರೆ ಮರದಡಿಯೂ ಸಾಕು. ಹೊರಗೆ ಹೋಗುವ ಗುಂಪು ಚಿಕ್ಕದಾದ ಕಥೋಲಿಕ ಮಕ್ಕಳ ಗುಂಪಾಗಿರಲಿ. ಬೇರೆ ಧರ್ಮದ ಮಕ್ಕಳನ್ನು ಅವರದೇ ತರಗತಿಯಿಂದ ಎಬ್ಬಿಸಿ ಕಳುಹಿಸುವುದು ನೋಡುವವರ ಕಣ್ಣಿಗೂ ಚೆನ್ನಾಗಿರುವುದಿಲ್ಲ, ಮಕ್ಕಳ ಮನಸ್ಸಿಗೂ ಹಿತವಲ್ಲ.

ನಿಮ್ಮ ಮುಂದೆ ಕುಳಿತವರು ಯಾರು?

ಮೊದಲ ಎರಡು ಪೀರಿಯಡ್‌ಗಳಲ್ಲಿ ಪಾಠ ಬೇಡ; ಮಾತಾಡಿಸಿ. ಹತ್ತು ಹನ್ನೆರಡು ಕಥೋಲಿಕ ಮಕ್ಕಳಲ್ಲಿ ಮನೆಯಲ್ಲಿ ಕೊಂಕಣಿಯಲ್ಲಿ ಜಪಸರ (ರೋಸರಿ) ಹೇಳುವವರು, ತಮಿಳಿನಲ್ಲಿ ಬಲಿಪೂಜೆಗೆ ಹೋಗುವವರು, ಕನ್ನಡದಲ್ಲೇ ಎಲ್ಲವನ್ನೂ ಮಾಡುವವರು, ಯಾವ ಭಾಷೆಯಲ್ಲೂ ಪ್ರಾರ್ಥನೆ ಗೊತ್ತಿಲ್ಲದವರು ಇರುತ್ತಾರೆ. ಕೊನೆಯವರನ್ನು ಕಂಡು ಹುಬ್ಬೇರಿಸಬೇಡಿ. ಹೊತ್ತು ಹುಟ್ಟುವ ಮೊದಲೇ ತೋಟದ ಕೆಲಸಕ್ಕೋ ಗಾರ್ಮೆಂಟ್ಸ್‌ಗೋ ಹೋಗುವ ತಾಯಿಯ ಮನೆಯಲ್ಲಿ ಸಂಜೆಯ ಜಪಸರ ತಪ್ಪಿಹೋಗಿದ್ದರೆ ಅದಕ್ಕೆ ಮಗು ಹೊಣೆಯಲ್ಲ.

ಮನೆಯಲ್ಲಿ ಯಾವ ಬೈಬಲ್ ಇದೆ ಎಂಬುದನ್ನೂ ಕೇಳಿ. ಕಥೋಲಿಕರ ಬೈಬಲ್‌ನಲ್ಲಿ 73 ಗ್ರಂಥಗಳು, ಪ್ರೊಟೆಸ್ಟೆಂಟರ ಸತ್ಯವೇದದಲ್ಲಿ 66. ಭಾಷೆಯೂ ಬೇರೆ. ನಮ್ಮ ಅನುವಾದದಲ್ಲಿ ಯೇಸುಸ್ವಾಮಿ ‘ಹೇಳಿದರು’, ಹಳೆಯ ಸತ್ಯವೇದದಲ್ಲಿ ಯೇಸು ‘ಹೇಳಿದನು’. ನಾವು ದೇವರನ್ನು ‘ನೀವು’ ಎನ್ನುತ್ತೇವೆ, ಅವರು ‘ನೀನು’ ಎನ್ನುತ್ತಾರೆ. ಹತ್ತು ಆಜ್ಞೆಗಳ ಎಣಿಕೆ ಕೂಡ ಒಂದೇ ಅಲ್ಲ: ನಮ್ಮ ಎರಡನೆಯ ಆಜ್ಞೆ ದೇವರ ನಾಮವನ್ನು ಕುರಿತದ್ದು, ಅವರ ಎರಡನೆಯದು ವಿಗ್ರಹಗಳನ್ನು ಕುರಿತದ್ದು. ಪ್ರೊಟೆಸ್ಟೆಂಟರ ಸಿ.ಎಸ್.ಐ. ಸಭೆಗೆ ಹೋಗುವ ಅಜ್ಜಿಯ ಬೈಬಲ್ ತಂದ ಹುಡುಗನಿಗೆ ‘ಇದು ತಪ್ಪು’ ಎಂದು ಹೇಳಿ ಕಳುಹಿಸಿದರೆ ಆ ಮಾತು ಸಂಜೆಯೊಳಗೆ ಅಜ್ಜಿಯ ಕಿವಿಗೆ ಮುಟ್ಟಿರುತ್ತದೆ. ಲೆಕ್ಕ ಹಾಕುವ ಕ್ರಮ ಬೇರೆ ಎಂದು ತಿಳಿಸಿದರೆ ಸಾಕು.

ವರ್ಷವನ್ನು ಎರಡು ಪಂಚಾಂಗಗಳ ನಡುವೆ ಹೊಂದಿಸುವುದು

ನಮ್ಮ ಶಾಲೆಯ ವರ್ಷ ಜೂನ್ ಹೊತ್ತಿಗೆ ಶುರುವಾಗಿ ಏಪ್ರಿಲ್ ಹೊತ್ತಿಗೆ ಮುಗಿಯುತ್ತದೆ. ಧರ್ಮಸಭೆಯ ಹಬ್ಬಗಳ ವರ್ಷವಾದ ಪೂಜಾವರ್ಷ, ಕ್ರಿಸ್ತಜಯಂತಿಗೆ ಕಾಯುವ ಆಗಮನ ಕಾಲದೊಂದಿಗೆ, ಅಂದರೆ ನವೆಂಬರ್ ಕೊನೆಗೋ ಡಿಸೆಂಬರ್ ಆರಂಭಕ್ಕೋ ತೊಡಗುತ್ತದೆ. ಸಿದ್ಧ ಪುಸ್ತಕದ ಪಾಠಗಳನ್ನು ಒಂದರಿಂದ ಕೊನೆಯವರೆಗೆ ಓದಿಸುತ್ತ ಹೋದರೆ ಆಗಸ್ಟಿನಲ್ಲಿ ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಪಾಠ ಬರುತ್ತದೆ, ಡಿಸೆಂಬರಿನಲ್ಲಿ ಮೋಶೆ ಸಮುದ್ರ ದಾಟುತ್ತಿರುತ್ತಾನೆ. ಧರ್ಮಪ್ರಾಂತ್ಯ (ಡಯೊಸಿಸ್) ಗೊತ್ತುಪಡಿಸಿದ ಪಠ್ಯವನ್ನು ಕೈಬಿಡಬೇಡಿ, ಏಕೆಂದರೆ ಧರ್ಮಶಿಕ್ಷಣದ ಮೇಲ್ವಿಚಾರಣೆ ಧರ್ಮಸಭೆಯ ಅಧಿಕಾರಿಗಳಿಗೆ ಸೇರಿದ್ದೆಂದು ಧರ್ಮಸಭೆಯ ಕಾನೂನು ಸಂಹಿತೆಯ 804ನೇ ನಿಯಮ ಹೇಳುತ್ತದೆ. ಪಾಠಗಳ ಅನುಕ್ರಮವನ್ನು ಮಾತ್ರ ಹಬ್ಬಗಳಿಗೆ ಹೊಂದಿಸಿಕೊಳ್ಳಿ. ಅದಕ್ಕೆ ಊರಿನ ಚರ್ಚಿನ ವಿಚಾರಣಾ ಗುರುಗಳ ಒಪ್ಪಿಗೆಯನ್ನು ಜೂನ್‌ನಲ್ಲೇ ಪಡೆದಿರಿ.

ಶಾಲೆ ತೆರೆಯುವಾಗ, ಪವಿತ್ರಾತ್ಮರು ಇಳಿದುಬಂದುದನ್ನು ನೆನೆಯುವ ಪೆಂತೆಕೋಸ್ತ್ ಹಬ್ಬ ಆಗಷ್ಟೇ ಮುಗಿದಿರುತ್ತದೆ ಅಥವಾ ಹತ್ತಿರದಲ್ಲಿರುತ್ತದೆ. ಮುಂಗಾರಿನ ಗಾಳಿ ಬೀಸುವ ಆ ದಿನಗಳಲ್ಲಿ, ಕಾಣದಿದ್ದರೂ ಇದೆ ಎಂದು ತಿಳಿಯುವ ಗಾಳಿಯ ಮೂಲಕ ಪವಿತ್ರಾತ್ಮರ ಬಗ್ಗೆ ಮಾತನಾಡುವುದು ಸುಲಭ. ಜೂನ್ 29ಕ್ಕೆ ಸಂತ ಪೇತ್ರ ಮತ್ತು ಪೌಲ, ಜುಲೈ 3ಕ್ಕೆ ಭಾರತಕ್ಕೆ ಬಂದನೆಂದು ನಂಬುವ ಸಂತ ತೋಮ. ಆಗಸ್ಟ್ 15 ಸ್ವಾತಂತ್ರ್ಯ ದಿನವೂ ಹೌದು, ಮಾತೆ ಮರಿಯಮ್ಮನವರು ಸ್ವರ್ಗಕ್ಕೆ ಎತ್ತಲ್ಪಟ್ಟ ಹಬ್ಬವೂ ಹೌದು. ಸೆಪ್ಟೆಂಬರ್ 8ರ ಮರಿಯಮ್ಮನವರ ಹುಟ್ಟುಹಬ್ಬವನ್ನು ಪುಸ್ತಕದಿಂದ ಕಲಿಸಬೇಕಾಗಿಯೇ ಇಲ್ಲ. ಕರಾವಳಿಯ ಮಕ್ಕಳು ಒಂಬತ್ತು ದಿನ ಹೂ ತಂದು ಅರ್ಪಿಸಿ, ಹೊಸ ತೆನೆಯನ್ನು ಆಶೀರ್ವದಿಸಿಕೊಂಡು ಮನೆಗೆ ಒಯ್ದಿರುತ್ತಾರೆ. ಬೆಂಗಳೂರಿನ ಮಕ್ಕಳು ಶಿವಾಜಿನಗರದ ಬಸಿಲಿಕದ ಜಾತ್ರೆಯನ್ನು ಕಂಡಿರುತ್ತಾರೆ. ಅವರೇ ಹೇಳಲಿ, ನೀವು ಕೇಳಿ.

ಅಕ್ಟೋಬರ್ ಜಪಸರದ ತಿಂಗಳು, ಆದರೆ ದಸರಾ ರಜೆ ಅದನ್ನು ನುಂಗುತ್ತದೆ. ಆದುದರಿಂದ ರಜೆಗೆ ಮುನ್ನವೇ ಜಪಸರ ಹಿಡಿಯುವುದನ್ನು ತೋರಿಸಿ ಮನೆಗೆ ಕಳುಹಿಸಿ. ಅಕ್ಟೋಬರ್ 4ರ ಅಸ್ಸಿಸಿಯ ಸಂತ ಫ್ರಾನ್ಸಿಸ್ 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ನಿಜವಾದ ಎತ್ತು, ಕತ್ತೆಗಳನ್ನು ತಂದು ಗೋದಲಿಯನ್ನು ಮಾಡಿದ ಕಥೆಯನ್ನು ಡಿಸೆಂಬರಿಗೆ ಮೀಸಲಿಡಿ. ಗೋದಲಿಯ ಹುಲ್ಲಿಗಾಗಿ ಹತ್ತು ದಿನ ಮೊದಲು ಹಳೆಯ ತಟ್ಟೆಯಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ಮಕ್ಕಳೇ ಸರದಿಯಂತೆ ನೀರು ಚಿಮುಕಿಸಲಿ; ಆಗಮನ ಕಾಲವೆಂದರೆ ಕಾಯುವುದು ಎಂಬ ಪಾಠವನ್ನು ಆ ಮೊಳಕೆಗಳು ನನಗಿಂತ ಚೆನ್ನಾಗಿ ಮಾಡಿವೆ. ಜನವರಿ 16 ಸಂತ ಜೋಸೆಫ್ ವಾಝ್ ಅವರ ದಿನ. ಗೋವೆಯ ಈ ಧರ್ಮಗುರು ಶ್ರೀಲಂಕಾಕ್ಕೆ ಹೋಗುವ ಮೊದಲು 1681ರಿಂದ 1684ರವರೆಗೆ ನಮ್ಮ ಕರಾವಳಿಯ ಕೆನರಾದಲ್ಲೇ ದುಡಿದವರು, 2015ರಲ್ಲಿ ಸಂತರೆಂದು ಘೋಷಿತರಾದವರು. ಮಂಗಳೂರಿನ ಬಳಿಯ ಮುಡಿಪು ಗುಡ್ಡದಲ್ಲಿ ಅವರ ಪುಣ್ಯಕ್ಷೇತ್ರವಿದೆ. ಸಂತರೆಲ್ಲ ಇಟಲಿಯವರೇ ಎಂದುಕೊಂಡಿರುವ ಮಕ್ಕಳಿಗೆ ಇದು ಹೊಸ ಸುದ್ದಿ.

ಪವಿತ್ರ ವಾರದ ವಿಷಯದಲ್ಲಿ ಎಚ್ಚರ ಬೇಕು. ತಪಸ್ಸು ಕಾಲದ ಮೊದಲ ದಿನವಾದ ವಿಭೂತಿ ಬುಧವಾರ ಫೆಬ್ರವರಿ 4ರಿಂದ ಮಾರ್ಚ್ 10ರ ನಡುವೆ ಎಂದಾದರೂ ಬರಬಹುದು; ಶುಭ ಶುಕ್ರವಾರ ಮತ್ತು ಪಾಸ್ಖ (ಈಸ್ಟರ್) ಹಬ್ಬ ಹೆಚ್ಚಿನ ವರ್ಷ ಪರೀಕ್ಷೆಯೊಳಗೋ ರಜೆಯೊಳಗೋ ಬೀಳುತ್ತವೆ. ಹೀಗಾಗಿ ಕ್ರೈಸ್ತ ವಿಶ್ವಾಸದ ನಡುಗಂಬವಾದ ಪುನರುತ್ಥಾನದ ಪಾಠ ಅನೇಕ ಶಾಲೆಗಳಲ್ಲಿ ಪ್ರತಿವರ್ಷವೂ ಬಿಟ್ಟುಹೋಗುತ್ತದೆ. ತಪಸ್ಸು ಕಾಲದ ಎರಡನೆಯ ವಾರದಲ್ಲೇ, ಯೇಸುವಿನ ಯಾತನೆಯನ್ನು ಹಂತಹಂತವಾಗಿ ಧ್ಯಾನಿಸುವ ಶಿಲುಬೆ ಹಾದಿಯನ್ನು ಶುರುಮಾಡಿ, ಪರೀಕ್ಷೆಗೆ ಮೊದಲೇ ಖಾಲಿ ಸಮಾಧಿಯವರೆಗೆ ಮುಗಿಸಿ. ಹಬ್ಬಕ್ಕೆ ಮೊದಲೇ ಹೇಳಿದರೆ ತಪ್ಪಲ್ಲ. ಮಕ್ಕಳನ್ನು ಶಿಲುಬೆಯ ಬುಡದಲ್ಲೇ ಬಿಟ್ಟು ಬೇಸಿಗೆ ರಜೆಗೆ ಕಳುಹಿಸಬಾರದು.

ಕೊಠಡಿಯ ಒಂದು ಮೂಲೆ

ಒಂದು ಸಣ್ಣ ಮೇಜು, ಅದರ ಮೇಲೆ ಬಟ್ಟೆ, ತೆರೆದಿಟ್ಟ ಬೈಬಲ್, ಒಂದು ದೀಪ ಅಥವಾ ಮೇಣದ ಬತ್ತಿ ಇದ್ದರೆ ಆಯಿತು. ಬಟ್ಟೆಯ ಬಣ್ಣ ಪೂಜಾವರ್ಷದಂತೆ ಬದಲಾಗಲಿ: ಆಗಮನ ಮತ್ತು ತಪಸ್ಸು ಕಾಲಕ್ಕೆ ನೇರಳೆ, ಕ್ರಿಸ್ತಜಯಂತಿ ಮತ್ತು ಪಾಸ್ಖ ಕಾಲಕ್ಕೆ ಬಿಳಿ, ಪೆಂತೆಕೋಸ್ತ್‌ಗೆ ಕೆಂಪು, ಉಳಿದ ಸಾಧಾರಣ ಕಾಲಕ್ಕೆ ಹಸಿರು. ಬಟ್ಟೆ ಬದಲಿಸುವ ಸರದಿ ಮಕ್ಕಳದ್ದಾಗಿದ್ದರೆ ಮೂರನೆಯ ತರಗತಿ ಮುಗಿಯುವಷ್ಟರಲ್ಲಿ ಅವರಿಗೆ ಪೂಜಾವರ್ಷ ಬಾಯಿಪಾಠ ಮಾಡದೆಯೇ ಬಂದಿರುತ್ತದೆ.

ಒಂದು ಪಾಠ, ನಲವತ್ತು ನಿಮಿಷ

ಎರಡನೆಯ ತರಗತಿಗೆ ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ಕಳೆದುಹೋದ ಕುರಿಯ ಸಾಮತಿಯನ್ನು (ಯೇಸುಸ್ವಾಮಿ ಹೇಳಿದ ದೃಷ್ಟಾಂತ ಕಥೆಯನ್ನು) ಹೇಗೆ ಕಲಿಸುತ್ತೇನೆಂಬುದನ್ನು ಇಲ್ಲಿ ವಿವರವಾಗಿ ಬರೆಯುತ್ತೇನೆ. ಉಳಿದ ಪಾಠಗಳಿಗೂ ಇದೇ ಅಚ್ಚು ಹೊಂದುತ್ತದೆ.

ಹಿಂದಿನ ರಾತ್ರಿ ಆ ಐದು ವಚನಗಳನ್ನು ಗಟ್ಟಿಯಾಗಿ ಮೂರು ಸಲ ಓದಿಕೊಳ್ಳಿ. ಮೊದಲ ಸಲ ಕಥೆಗಾಗಿ, ಎರಡನೆಯ ಸಲ ಮಕ್ಕಳಿಗೆ ತಿಳಿಯದ ಪದಗಳಿಗಾಗಿ, ಮೂರನೆಯ ಸಲ ನಿಮಗಾಗಿ. ನಿಮ್ಮನ್ನೇ ಎಲ್ಲಿಯೂ ತಟ್ಟದ ಭಾಗವನ್ನು ಮರುದಿನ ಕಲಿಸಲು ಹೋದರೆ ಮಕ್ಕಳಿಗೆ ಅದು ಕೂಡಲೇ ಗೊತ್ತಾಗುತ್ತದೆ. ಡಬ್ಬಿಯೊಂದರಲ್ಲಿ ನೂರು ಹುಣಸೆ ಬೀಜಗಳನ್ನು ಎಣಿಸಿಟ್ಟು, ಒಂದಕ್ಕೆ ಸುಣ್ಣದ ಬೊಟ್ಟು ಹಚ್ಚಿ, ತರಗತಿ ತೊಡಗುವ ಮೊದಲು ಆ ಒಂದನ್ನು ಕೊಠಡಿಯಲ್ಲಿ ಎಲ್ಲಾದರೂ ಬಚ್ಚಿಡಿ.

ಮೊದಲ ಐದು ನಿಮಿಷ ದೀಪ ಹಚ್ಚಿ, ಶಿಲುಬೆ ಗುರುತು ಹಾಕಿ, ಸುಮ್ಮನೆ ಕುಳಿತುಕೊಳ್ಳುವುದು. ಮಳೆಯ ಸದ್ದೋ ಪಕ್ಕದ ತರಗತಿಯ ಮಗ್ಗಿಯೋ ಕೇಳಿಸುತ್ತಿರಲಿ. ಆಮೇಲೆ ಬೀಜಗಳನ್ನು ನೆಲದ ಮೇಲೆ ಸುರಿದು ‘ಇವು ಕುರಿಗಳು, ದೊಡ್ಡಿಗೆ ಸೇರಿಸಬೇಕು, ಎಣಿಸಿ’ ಎನ್ನಿ. ಹತ್ತತ್ತರ ಗುಂಪು ಮಾಡಿ ಎಣಿಸುತ್ತಾರೆ. ಗಣಿತದ ಶಿಕ್ಷಕರಿಗೂ ಇದರಿಂದ ಉಪಕಾರವೇ. ಕೊನೆಗೆ ಒಂದು ಗುಂಪಿನಲ್ಲಿ ಒಂಬತ್ತೇ ಉಳಿಯುತ್ತವೆ. ಮತ್ತೆ ಎಣಿಸುತ್ತಾರೆ. ‘ಒಂದು ಇಲ್ಲ ಟೀಚರ್’ ಎಂದು ಯಾರಾದರೂ ಹೇಳುವವರೆಗೆ ನೀವು ಬಾಯಿ ಬಿಡಬಾರದು. ಆಗ ಕಥೆಯನ್ನು ಹೇಳಿ, ನಡುವೆ ನಿಲ್ಲಿಸಿ, ಹುಡುಕಲು ಬಿಡಿ. ಬೊಟ್ಟಿನ ಬೀಜ ಸಿಕ್ಕಿದಾಗ ಕೊಠಡಿಯಲ್ಲಿ ಏಳುವ ಕೂಗೇ ಸಾಮತಿಯ ಕೊನೆಯ ವಾಕ್ಯದ ವ್ಯಾಖ್ಯಾನ. ಕುರಿ ಸಿಕ್ಕಿತೆಂದು ಕುರುಬನು ನೆರೆಹೊರೆಯವರನ್ನು ಕರೆದದ್ದು ಏಕೆಂದು ಮತ್ತೆ ವಿವರಿಸಬೇಕಾಗುವುದಿಲ್ಲ.

ಬೀಜ ಸಿಕ್ಕ ಮೇಲೆ ಕಥೆಯನ್ನು ಬೈಬಲ್‌ನಿಂದಲೇ ನಿಧಾನವಾಗಿ ಓದಿ. ಆಮೇಲೆ ಪ್ರಶ್ನೆಗಳು, ಆದರೆ ಉತ್ತರ ಪತ್ರಿಕೆಯಲ್ಲಿ ಬರುವಂಥ ಪ್ರಶ್ನೆಗಳಲ್ಲ. ‘ಕುರಿಗಳು ಎಷ್ಟು?’ ಎಂದು ಕೇಳಿದರೆ ಮಗು ಸರಿಯೋ ತಪ್ಪೋ ಎಂದು ನಿಮ್ಮ ಮುಖ ನೋಡುತ್ತದೆ. ‘ದಾರಿ ತಪ್ಪಿದ ಕುರಿಗೆ ಆ ಸಂಜೆ ಏನನ್ನಿಸಿರಬಹುದು?’, ‘ಉಳಿದ ತೊಂಬತ್ತೊಂಬತ್ತು ಏನು ಮಾತಾಡಿಕೊಂಡಿರಬಹುದು?’, ‘ಈ ಕಥೆಯಲ್ಲಿ ನೀನು ಎಲ್ಲಿದ್ದೀಯ?’ ಎಂದು ಕೇಳಿದರೆ ಕಥೆಯನ್ನು ನೋಡುತ್ತದೆ. ಒಮ್ಮೆ, ಮನೆಯಲ್ಲಿ ಕುರಿ ಸಾಕಿದ್ದ ಹುಡುಗನೊಬ್ಬ ಎದ್ದು, ‘ಸುಳ್ಳು ಟೀಚರ್, ಒಂದಕ್ಕೋಸ್ಕರ ತೊಂಬತ್ತೊಂಬತ್ತನ್ನ ಯಾರೂ ಬಿಟ್ಟು ಹೋಗಲ್ಲ, ತೋಳ ತಿಂದ್ಬಿಡುತ್ತೆ, ನಮ್ಮಪ್ಪ ಆದ್ರೆ ಚಿಕ್ಕಪ್ಪನ್ನ ಕಾವಲಿಗಿಟ್ಟು ಹೋಗ್ತಾರೆ’ ಎಂದ. ನಾನು ಸಮಜಾಯಿಷಿ ಕೊಡಲು ಬಾಯಿ ತೆರೆದು ಮುಚ್ಚಿಕೊಂಡೆ. ಅವನು ಹೇಳಿದ್ದೇ ಸರಿ. ಯಾವ ಲೆಕ್ಕಸ್ಥ ಕುರಿಗಾರನೂ ಮಾಡದ ಕೆಲಸವನ್ನು ಈ ಕುರುಬ ಮಾಡುತ್ತಾನೆ ಎಂಬ ಬೆರಗಿನಲ್ಲೇ ಸಾಮತಿಯ ತಿರುಳಿದೆ. ಪಟ್ಟಣದಲ್ಲಿ ಬೆಳೆದ ನನಗೆ ಅದು ಅಲ್ಲಿಯವರೆಗೆ ಕಂಡಿರಲಿಲ್ಲ.

ಬಿತ್ತುವವನ ಸಾಮತಿಯಲ್ಲೂ ಇಂಥದ್ದೇ ಪ್ರಶ್ನೆ ಬರುತ್ತದೆ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತುವುದನ್ನು ಕಂಡ ಮಕ್ಕಳು ‘ಆ ರೈತ ದಾರಿ ಮೇಲೆ, ಮುಳ್ಳಲ್ಲಿ ಯಾಕೆ ಬೀಜ ಹಾಕ್ದ?’ ಎನ್ನುತ್ತಾರೆ; ಅಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಎಂಬುದನ್ನು ಮೊದಲೇ ತೋರಿಸಿಕೊಟ್ಟಿರಬೇಕು. ಹಿಟ್ಟನ್ನು ಹುಳಿಯಾಗಿಸುವ ಹುಳಿಹಿಟ್ಟಿನ ಮಾತು ಬಂದಾಗ ಹಾಲಿಗೆ ಹಾಕುವ ಹೆಪ್ಪನ್ನು ನೆನಪಿಸಿದರೆ ಆಯಿತು.

ಕೊನೆಯ ಹತ್ತು ನಿಮಿಷ ಚಿತ್ರ ಬರೆಯಲು, ಎರಡು ನಿಮಿಷ ಮಕ್ಕಳೇ ಸ್ವಂತ ಮಾತಿನಲ್ಲಿ ಪ್ರಾರ್ಥಿಸಲು. ಇಷ್ಟೇ. ‘ಆದ್ದರಿಂದ ನಾವೆಲ್ಲರೂ ಒಳ್ಳೆಯ ಕುರಿಗಳಾಗಿರಬೇಕು’ ಎಂಬ ಬಾಲವನ್ನು ಅಂಟಿಸಬೇಡಿ. ಆ ಆಸೆ ಪ್ರತಿ ಶಿಕ್ಷಕರಿಗೂ ಇರುತ್ತದೆ, ನನಗೆ ಈಗಲೂ ಇದೆ. ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆತ್ತಿ ಎಂಬ ಬೈಬಲ್ ವಿದ್ವಾಂಸೆ ಮಾಂಟೆಸ್ಸರಿ ಶಿಕ್ಷಕಿ ಜಾನ್ನಾ ಗೊಬ್ಬಿಯವರೊಂದಿಗೆ ಆರಂಭಿಸಿದ ಧರ್ಮೋಪದೇಶ ಪದ್ಧತಿಯೂ ಒಳ್ಳೆಯ ಕುರುಬನ ಹೆಸರನ್ನೇ ಹೊತ್ತಿದೆ. ಮಕ್ಕಳ ಕೈಗೆ ವಸ್ತುಗಳನ್ನು ಕೊಟ್ಟು, ಮಾತನ್ನು ಕಡಿಮೆ ಮಾಡಿ, ಮೌನಕ್ಕೆ ಜಾಗ ಬಿಡುವುದು ಅವರ ಕ್ರಮ.

ಪ್ರಾರ್ಥನೆಗಳನ್ನು ಬಾಯಿಪಾಠ ಮಾಡಿಸುವ ಮೊದಲು

ಬಾಯಿಪಾಠ ಬೇಡವೆಂದು ನಾನು ಹೇಳುವುದಿಲ್ಲ. ಎಂಬತ್ತರ ಮುದುಕಿಗೆ ಆಸ್ಪತ್ರೆಯ ಹಾಸಿಗೆಯಲ್ಲಿ ನೆನಪಿಗೆ ಬರುವುದು ಏಳು ವರ್ಷದಲ್ಲಿ ಕಲಿತ ಪ್ರಾರ್ಥನೆಯೇ. ಆದರೆ ಪದಗಳ ಅರ್ಥವನ್ನು ಮೊದಲು ಬಿಡಿಸಬೇಕು. ನಾನು ಕೆಲಸಕ್ಕೆ ಸೇರಿದ ವರ್ಷ ಪರಲೋಕ ಪ್ರಾರ್ಥನೆಯನ್ನು ಒಂದೇ ವಾರದಲ್ಲಿ ಎಲ್ಲರ ಬಾಯಲ್ಲಿ ಬರಿಸಿ ಬೀಗುತ್ತಿದ್ದೆ. ಅದಕ್ಕೆ ಚಿತ್ರ ಬರೆಯಿರಿ ಎಂದಾಗ ಹುಡುಗಿಯೊಬ್ಬಳು ಮೋಡಗಳ ನಡುವೆ ಕಟ್ಟು ಹಾಕಿದ ಫೋಟೊವೊಂದನ್ನು ತೂಗುಹಾಕಿದ್ದಳು. ಕೇಳಿದರೆ, ‘ನಿಮ್ಮ ಚಿತ್ರವು ಪರಲೋಕದಲ್ಲಿ’ ಎಂದಳು. ‘ಚಿತ್ತ’ ಎಂಬ ಪದ ಆ ಮನೆಯಲ್ಲಿ ಯಾರ ಬಾಯಲ್ಲೂ ಬರುವುದಲ್ಲ. ಅವಳ ಕಿವಿ ತನಗೆ ಗೊತ್ತಿದ್ದ ಪದವನ್ನು ಅಲ್ಲಿ ಕೂರಿಸಿಕೊಂಡಿತ್ತು. ಅಂದಿನಿಂದ ದಿನಕ್ಕೊಂದು ಸಾಲಿನಂತೆ ಕಲಿಸುತ್ತೇನೆ. ನಾಮ, ಚಿತ್ತ, ಅನುದಿನ, ಶೋಧನೆ ಇವುಗಳಿಗೆ ಮನೆಮಾತಿನ ಪದವನ್ನು ಮಕ್ಕಳಿಂದಲೇ ಹೇಳಿಸಿ, ಕೈಸನ್ನೆ ಮಾಡಿಸಿ, ಆಮೇಲೆ ಪೂರ್ತಿ ಹೇಳಿಸುತ್ತೇನೆ. ಮೂರು ವಾರ ಹಿಡಿಯುತ್ತದೆ. ಹಿಡಿಯಲಿ.

ಪ್ರಥಮ ಪರಮಪ್ರಸಾದದ ಸಿದ್ಧತೆ

ಮಗುವು ಸುಮಾರು ಏಳನೆಯ ವಯಸ್ಸಿಗೆ, ಬಲಿಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿಯಾದ ಪರಮಪ್ರಸಾದವನ್ನು ಸ್ವೀಕರಿಸಬಹುದೆಂದು ಹತ್ತನೆಯ ಪಯಸ್ ಜಗದ್ಗುರುಗಳು 1910ರಲ್ಲಿ ಆದೇಶಿಸಿದರು. ಅದಕ್ಕೆ ಮೊದಲು ಅನೇಕ ಕಡೆ ಇನ್ನೂ ದೊಡ್ಡವರಾಗುವವರೆಗೆ ಕಾಯಿಸುತ್ತಿದ್ದರು. ನಮ್ಮಲ್ಲಿ ಸಾಮಾನ್ಯವಾಗಿ ಮೂರನೆಯ ಅಥವಾ ನಾಲ್ಕನೆಯ ತರಗತಿಯಲ್ಲಿ ಸಿದ್ಧತೆ ನಡೆಯುತ್ತದೆ. ಮಗುವಿನ ಸಿದ್ಧತೆಯನ್ನು ನೋಡುವುದು ತಂದೆತಾಯಿಯರ ಮತ್ತು ವಿಚಾರಣಾ ಗುರುಗಳ ಹೊಣೆ. ಶಾಲೆ ಅವರಿಗೆ ನೆರವಾಗುತ್ತದೆ, ಅವರ ಜಾಗದಲ್ಲಿ ನಿಲ್ಲುವುದಿಲ್ಲ. ಆದುದರಿಂದ ಪೋಷಕರನ್ನು ಕನಿಷ್ಠ ಮೂರು ಸಲ ಕೂರಿಸಿ ಮಾತಾಡಿ. ಮೊದಲ ಸಭೆಯಲ್ಲೇ ಉಡುಪಿನ ಖರ್ಚಿನ ಮಾತು ಎತ್ತಿ. ಬಿಳಿ ಗೌನು, ಫೋಟೊ, ಊಟ ಎಂದು ಸಾಲ ಮಾಡುವ ಮನೆಗಳಿವೆ. ಎಲ್ಲರಿಗೂ ಒಂದೇ ಬಗೆಯ ಸರಳ ಬಿಳಿ ಬಟ್ಟೆ ಎಂದು ಧರ್ಮಕೇಂದ್ರವೇ ನಿರ್ಧರಿಸಿದರೆ ಯಾರಿಗೂ ಮುಜುಗರವಿಲ್ಲ.

ಸಾಮಾನ್ಯ ರೊಟ್ಟಿಗೂ ಪರಮಪ್ರಸಾದಕ್ಕೂ ಇರುವ ವ್ಯತ್ಯಾಸವನ್ನು ಮಗು ಅರಿತಿರಬೇಕೆಂಬುದು ಆ 1910ರ ಆದೇಶದ ಮುಖ್ಯ ಷರತ್ತು. ಗೋಧಿ ಹಿಟ್ಟು ಮತ್ತು ನೀರು, ಬೇರೇನೂ ಇಲ್ಲ ಎಂಬುದನ್ನು ಮೊದಲು ತಿಳಿಸಿ. ಸಾಧ್ಯವಾದರೆ ಆ ರೊಟ್ಟಿಯನ್ನು ತಯಾರಿಸುವ ಕಾನ್ವೆಂಟಿಗೆ ಕರೆದೊಯ್ದು, ಕಾದ ಅಚ್ಚಿನ ನಡುವೆ ಹಿಟ್ಟು ತೆಳ್ಳಗಾಗುವುದನ್ನು ತೋರಿಸಿ. ‘ಹಾಗಾದ್ರೆ ಇದು ಚಪಾತಿನೇ’ ಎಂದು ಒಂದು ಮಗುವಾದರೂ ಹೇಳುತ್ತದೆ. ಹೌದು, ಅಲ್ಲಿಯವರೆಗೆ ಚಪಾತಿಯೇ. ಬಲಿಪೂಜೆಯಲ್ಲಿ ಏನಾಗುತ್ತದೆಂದು ಹೇಳಲು ಅಲ್ಲಿಂದಲೇ ತೊಡಗಬೇಕು.

ಧರ್ಮಗುರುಗಳ ಮುಂದೆ ತಮ್ಮ ಪಾಪಗಳನ್ನು ಹೇಳಿಕೊಳ್ಳುವ ಪಾಪನಿವೇದನೆಯ ಪಾಠಕ್ಕೆ ಎರಡು ಪಟ್ಟು ಜಾಗರೂಕತೆ ಬೇಕು. ನಾನು ಹಿಂದೆ ಕೆಲಸ ಮಾಡಿದ ಒಂದು ಶಾಲೆಯಲ್ಲಿ ಮಕ್ಕಳು ತಮ್ಮ ಪಾಪಗಳನ್ನು ನೋಟ್‌ಬುಕ್‌ನಲ್ಲಿ ಬರೆದು ಶಿಕ್ಷಕಿಗೆ ತೋರಿಸಿ ಸಹಿ ಹಾಕಿಸಿಕೊಳ್ಳುವ ರೂಢಿಯಿತ್ತು. ಸದುದ್ದೇಶವೇ, ಆದರೆ ಘೋರ ತಪ್ಪು. ಪಾಪನಿವೇದನೆಯ ಗುಟ್ಟು ಧರ್ಮಗುರುಗಳನ್ನು ಪ್ರಾಣ ಹೋದರೂ ಬಿಡಿಸಲಾಗದಂತೆ ಕಟ್ಟಿಹಾಕಿರುವಾಗ, ಅದೇ ಗುಟ್ಟನ್ನು ನಾವು ಮೊದಲೇ ಕಾಗದದ ಮೇಲೆ ಪಡೆಯುವುದು ಆ ಸಂಸ್ಕಾರಕ್ಕೇ ಅವಮಾನ. ಮನಸ್ಸಾಕ್ಷಿಯ ಪರಿಶೀಲನೆಗೆ ಪ್ರಶ್ನೆಗಳನ್ನು ಕೊಡಿ, ಉತ್ತರವನ್ನು ಕೇಳಬೇಡಿ. ಹೊರಗೆ ಬಂದ ಮಗುವಿಗೆ ‘ಏನು ಹೇಳಿದೆ?’ ಎಂದು ತಮಾಷೆಗೂ ಕೇಳಬಾರದು. ಪಾಪನಿವೇದನೆ ಎಲ್ಲರ ಕಣ್ಣಿಗೆ ಕಾಣುವ ತೆರೆದ ಜಾಗದಲ್ಲಿ, ಮಾತು ಮಾತ್ರ ಕೇಳಿಸದಷ್ಟು ದೂರದಲ್ಲಿ ನಡೆಯುವಂತೆ ನೋಡಿಕೊಳ್ಳಿ. ತನಗೆ ಬೇರೆಯವರು ಮಾಡಿದ ಕೆಡುಕನ್ನು ತನ್ನ ಪಾಪವೆಂದುಕೊಂಡು ಯಾವುದಾದರೂ ಮಗು ನಿಮ್ಮಲ್ಲಿ ಬಂದು ಹೇಳಿದರೆ ಅದು ಧರ್ಮೋಪದೇಶದ ವಿಷಯವಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು.

ನಾಲಿಗೆ ತಡವರಿಸುವ ಪಾಠಗಳು

ಶುಭ ಶುಕ್ರವಾರದ ಕಥೆಯನ್ನು ಹೇಳುವಾಗ ‘ಯೆಹೂದ್ಯರು ಯೇಸುವನ್ನು ಕೊಂದರು’ ಎಂಬ ವಾಕ್ಯ ಸಲೀಸಾಗಿ ಬಾಯಿಗೆ ಬರುತ್ತದೆ. ಬರಬಾರದು. ಯೇಸುಸ್ವಾಮಿಯೂ ಮರಿಯಮ್ಮನವರೂ ಶಿಷ್ಯರಾದ ಪ್ರೇಷಿತರೂ ಯೆಹೂದ್ಯರೇ. ಶಿಲುಬೆಯ ಶಿಕ್ಷೆ ರೋಮನ್ನರದ್ದು, ಆದೇಶ ಪಿಲಾತನದ್ದು. ಅಂದಿನ ಎಲ್ಲ ಯೆಹೂದ್ಯರ ಮೇಲಾಗಲಿ ಇಂದಿನವರ ಮೇಲಾಗಲಿ ಆ ಹೊಣೆಯನ್ನು ಹೊರಿಸಬಾರದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ಅಕ್ಟೋಬರ್ 28ರಂದು ಘೋಷಿಸಿತು. ಕನಕಪುರದ ಹತ್ತಿರದ ಹಾರೋಬೆಲೆಯಂಥ ಊರುಗಳಲ್ಲಿ ಯಾತನೆಯ ನಾಟಕವನ್ನು ನೋಡಿ ಬೆಳೆದ ಮಕ್ಕಳಿಗೆ ಈ ಕಥೆ ನಮಗಿಂತ ಹೆಚ್ಚು ಗೊತ್ತಿರುತ್ತದೆ. ಅವರು ಯಾವ ಪಾತ್ರವನ್ನು ಯಾವ ಹೆಸರಿನಿಂದ ಕರೆಯುತ್ತಾರೆಂದು ಗಮನವಿಟ್ಟು ಕೇಳಿ, ಅಲ್ಲಿಂದ ತಿದ್ದಿ.

‘ತಂದೆಯಾದ ದೇವರು’ ಎಂಬ ಪಾಠ ಎಲ್ಲ ಮಕ್ಕಳಿಗೂ ಸಿಹಿಯಲ್ಲ. ಕುಡಿದು ಬರುವ ಅಪ್ಪನಿರುವ ಮನೆಯ ಹುಡುಗನಿಗೆ ‘ದೇವರು ನಿಮ್ಮ ಅಪ್ಪನ ಹಾಗೆ’ ಎಂದು ಹೇಳಿದರೆ ಅವನು ದೇವರಿಗೆ ಹೆದರುವುದನ್ನು ಕಲಿಯುತ್ತಾನೆ. ಯಾರ ಮಡಿಲು ಬೆಚ್ಚಗಿದೆಯೆಂದು ಕೇಳಿದರೆ ಅಜ್ಜಿ, ಸೋದರಮಾವ, ದೊಡ್ಡಮ್ಮ ಯಾರಾದರೂ ಹೊರಬರುತ್ತಾರೆ, ಅವರಿಂದ ತೊಡಗಬಹುದು. ಸಾವಿನ ಬಗ್ಗೆ ಕೇಳಿದಾಗ ‘ದೇವರಿಗೆ ಬೇಕಾಗಿತ್ತು, ಕರೆದುಕೊಂಡರು’ ಎನ್ನಬೇಡಿ. ತಮ್ಮನನ್ನು ಕಳೆದುಕೊಂಡ ಮಗುವಿಗೆ ಅದು ಕಳ್ಳತನದಂತೆ ಕೇಳಿಸುತ್ತದೆ. ‘ನನಗೂ ದುಃಖವಾಗಿದೆ, ಅವನು ದೇವರ ಬಳಿ ಇದ್ದಾನೆಂದು ನಾವು ನಂಬುತ್ತೇವೆ’ ಎಂದಷ್ಟೇ ಹೇಳಿ, ಪಕ್ಕದಲ್ಲಿ ಕುಳಿತುಕೊಳ್ಳಿ.

ಓರೆಗೆರೆಯ ಆ ಬದಿ

ಮೌಲ್ಯಶಿಕ್ಷಣದ ತರಗತಿ ನಿಮ್ಮ ಪಾಲಿಗೆ ಬಂದರೆ ಅದನ್ನು ಬಣ್ಣ ಬದಲಿಸಿದ ಧರ್ಮೋಪದೇಶವಾಗಿಸಬೇಡಿ. ಅಲ್ಲಿ ಶಿಲುಬೆ ಗುರುತು ಹಾಕಿಸುವುದಾಗಲಿ ಸಂತರ ಚಿತ್ರ, ಪದಕಗಳನ್ನು ಹಂಚುವುದಾಗಲಿ ಬೇಡ. ಮೌನದಲ್ಲಿ ಎರಡು ನಿಮಿಷ ಕುಳಿತು, ಪ್ರತಿಯೊಬ್ಬರೂ ಅವರವರ ಮನೆಯ ರೀತಿಯಲ್ಲಿ ನೆನೆಯಲಿ. ಕಥೆಗಳಿಗೆ ಬರವಿಲ್ಲ. ಕೊಟ್ಟ ಮಾತಿಗೆ ತಪ್ಪದ ಪುಣ್ಯಕೋಟಿಯ ಕಥೆ ಎಲ್ಲ ಮಕ್ಕಳಿಗೂ ಗೊತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿದ ಸಮಾರಿಯದವನ ಕಥೆಯನ್ನು ಇನ್ನೊಂದು ವಾರ ಕಥೆಯಾಗಿಯೇ ಹೇಳಬಹುದು. ಎರಡೂ ಒಂದೇ ಎಂದು ಕೊನೆಯಲ್ಲಿ ಗಂಟು ಹಾಕುವುದು ಎರಡಕ್ಕೂ ಮಾಡುವ ಅನ್ಯಾಯ. ಸಂವಿಧಾನದ ಪ್ರಸ್ತಾವನೆಯ ‘ಭ್ರಾತೃತ್ವ’ ಎಂಬ ಕಷ್ಟದ ಪದವನ್ನು ತರಗತಿಯ ಬೆಂಚಿನಲ್ಲಿ ಜಾಗ ಬಿಡುವುದರಿಂದ ತೊಡಗಿಸಿ ವಿವರಿಸಿ. ಹಬ್ಬಗಳ ಬಗ್ಗೆ ಮಕ್ಕಳೇ ಮಾತಾಡಲಿ: ರಂಜಾನಿನ ಉಪವಾಸವನ್ನು ಅದನ್ನು ಕಂಡ ಹುಡುಗಿ ವಿವರಿಸುವುದಕ್ಕೂ ನಾನು ವಿವರಿಸುವುದಕ್ಕೂ ಹೋಲಿಕೆಯೇ ಇಲ್ಲ.

ಅಂಕ, ಕಡತ, ಹಸ್ತಾಂತರ

ತಿಳಿವಳಿಕೆಗೆ ಅಂಕ ಕೊಡಬಹುದು, ಭಕ್ತಿಗೆ ಕೊಡಬಾರದು. ಸಾಮತಿಯನ್ನು ತಾನಾಗಿ ಹೇಳಬಲ್ಲನೇ, ಏಳು ಸಂಸ್ಕಾರಗಳ ಹೆಸರು ಗೊತ್ತೇ, ಪೂಜಾವರ್ಷದ ಬಣ್ಣಗಳನ್ನು ಗುರುತಿಸಬಲ್ಲಳೇ ಎಂದು ನೋಡಿ. ಭಾನುವಾರದ ಬಲಿಪೂಜೆಗೆ ಬಂದ ಲೆಕ್ಕವನ್ನು ಅಂಕಪಟ್ಟಿಗೆ ಸೇರಿಸಿದರೆ ಭಾನುವಾರವೂ ಕೂಲಿಗೆ ಹೋಗುವ ಮನೆಯ ಮಗುವಿಗೆ ಸೋಮವಾರ ಶಿಕ್ಷೆಯಾಗುತ್ತದೆ.

ಮಾರ್ಚ್ ಕೊನೆಗೆ ಮುಂದಿನ ತರಗತಿಯ ಶಿಕ್ಷಕರಿಗೆ ಒಂದು ಹಾಳೆ ಬರೆದುಕೊಡಿ. ಯಾರ ಜ್ಞಾನಸ್ನಾನದ ಪ್ರಮಾಣಪತ್ರ ಇನ್ನೂ ಬಂದಿಲ್ಲ, ಯಾರು ಪರಮಪ್ರಸಾದಕ್ಕೆ ಇನ್ನೊಂದು ವರ್ಷ ಕಾಯಲಿದ್ದಾರೆ, ಯಾರ ಮನೆಯಲ್ಲಿ ಈ ವರ್ಷ ಸಾವಾಗಿದೆ, ಯಾವ ಪ್ರಶ್ನೆಗೆ ‘ಮುಂದಿನ ವರ್ಷ ಹೇಳುತ್ತೇವೆ’ ಎಂದು ಮಾತು ಕೊಟ್ಟಿದ್ದೀರಿ ಎಂಬುದು ಅದರಲ್ಲಿರಲಿ. ಒಪ್ಪಿಗೆ ಪತ್ರಗಳ ಕಡತವನ್ನೂ ಹುಣಸೆ ಬೀಜದ ಡಬ್ಬಿಯನ್ನೂ ಅದರ ಜೊತೆಗಿಡಿ. ರಜೆಯಲ್ಲಿ ಬೀಜಗಳಿಗೆ ಹುಳು ಬೀಳುವುದುಂಟು, ಜೂನ್‌ನಲ್ಲಿ ಮತ್ತೊಮ್ಮೆ ನೂರು ಇವೆಯೇ ಎಂದು ಎಣಿಸಿಕೊಳ್ಳಲು ಅವರಿಗೆ ಹೇಳಿ.